ಬಂಡೆಯ ನೆಲಕ್ಕೆ ತಕ್ಕ ಹೂಗಿಡ: ವಿಷ್ಣುಕ್ರಾಂತಿ

(ಚಿಕ್ಕಜಾಲದಲ್ಲಿ ಹಿಡುವಳಿದಾರರನ್ನೂ ಗ್ರಾಮದ ಮುಖ್ಯಸ್ಥರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)



ಜಾಲ ಹೋಬಳಿಯ ಗ್ರಾಮಗಳಲ್ಲಿ ಕೆಂಪು ಹೊಲಗಳ ನಡುವೆ ಹಾಸುಬಂಡೆಯೋ ಗುಂಡುಕಲ್ಲುಗಳ ರಾಶಿಯೋ ತಲೆಯೆತ್ತಿಕೊಂಡಿರುವುದು ಸಾಮಾನ್ಯವಾದ ನೋಟವು. ರೈತನು ಅಂಥ ನೆಲವನ್ನು ಖರಾಬೆಂದು ಎಣಿಸಿ, ಸುಗ್ಗಿಯಲ್ಲಿ ಕಾಳು ಒಣಗಿಸುವುದಕ್ಕೆ ಉಪಯೋಗಿಸಿ, ಮಿಕ್ಕ ಕಾಲದಲ್ಲಿ ಅದರ ಕಡೆಗೆ ಲಕ್ಷ್ಯ ಕೊಡದೆ ಇರುವನು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಈ ಸೀಮೆಯಲ್ಲಿ ಕಟ್ಟಡಗಳು ಹೆಚ್ಚಿ, ಜಲ್ಲಿಗೂ ಸೈಜುಗಲ್ಲಿಗೂ ಗಿರಾಕಿಯುಂಟಾಯಿತು. ಬಂಡೆಯನ್ನು ಒಡೆಯಿಸಿ ಮಾರಿದರೆ ಕೈಗೆ ಒಂದಿಷ್ಟು ಹಣ ಬರುವುದೆಂಬ ಯೋಚನೆ ಅನೇಕರಿಗೆ ಹುಟ್ಟಿದೆ. ಇನ್ನೊಂದು ಕಡೆ, ಹೊಸ ಮನೆಗಳ ಮುಂದೆ ರಾಕ್ ಗಾರ್ಡನ್, ಅಂದರೆ ಕಲ್ಲುತೋಟ, ಮಾಡಿಸುವ ಅಭಿರುಚಿಯೂ ಬೆಳೆದಿದೆ. ಇಂಥ ತೋಟಕ್ಕಾಗಿ ಹಿಮಪರ್ವತಗಳ ಹೂಗಿಡಗಳ ಚಿತ್ರ ನೋಡಿ ಮನಸೋತು, ಬೀಜ ತರಿಸಿ, ಹಣವನ್ನೂ ಶ್ರಮವನ್ನೂ ಕಳೆದುಕೊಳ್ಳುವವರುಂಟು.

ಒಬ್ಬನು ತನ್ನ ಬಂಡೆಯನ್ನು ಒಡೆಯುವನು. ಮತ್ತೊಬ್ಬನು ಕಲ್ಲನ್ನು ಬೇರೆ ಕಡೆಯಿಂದ ಹೊರಿಸಿ ತಂದು, ಅದರ ಮೇಲೆ ಬಾಳದ ಗಿಡವನ್ನು ನೆಡುವನು. ಈ ಬಂಡೆಯ ನೆಲಕ್ಕೆ ತಕ್ಕ ಹೂಗಿಡವು ಈ ಬಂಡೆಯ ಅಂಚಿನಲ್ಲಿಯೇ ಇದೆಯೆಂಬುದನ್ನೂ, ಆ ಅಂಚನ್ನು ಕಾಪಾಡಿದರೆ ಕೆಳಗಿನ ಹೊಲಕ್ಕೂ ಕೆರೆಗೂ ಲಾಭವಾಗುವುದೆಂಬುದನ್ನೂ ತಿಳಿಸುವುದು ಈ ಉಪನ್ಯಾಸದ ಉದ್ದೇಶವು.

ಹಿಮಪರ್ವತದ ಗಿಡಗಳು ಇಲ್ಲೇಕೆ ಬಾಳವು

ಎತ್ತರವಾದ ಪರ್ವತಗಳಲ್ಲಿ ಒಂದು ಮಟ್ಟದವರೆಗೆ ಮಾತ್ರ ಮರಗಳು ಬೆಳೆಯುವುವು. ಹಿಮಾಲಯದಲ್ಲಿ ಈ ಮಟ್ಟವು ಸುಮಾರು 3,500 ರಿಂದ 4,000 ಮೀಟರು ಎತ್ತರದಲ್ಲಿದೆ. ಅದರ ಮೇಲೆ ಹುಲ್ಲೂ ಸಣ್ಣ ಹೂಗಿಡಗಳೂ ಬಂಡೆಯ ಬಿರುಕುಗಳಲ್ಲಿ ಜೀವಿಸುವುವು. ಇವುಗಳಿಗೆ ಯೂರೋಪಿನ ಆಲ್ಪ್ಸ್ ಪರ್ವತದ ಹೆಸರಿನಿಂದ ಆಲ್ಪೈನ್ ಗಿಡಗಳೆಂದು ಹೆಸರು. ಕಡುನೀಲಿ ಹೂವಿನ ಜೆನ್ಷಿಯನ್, ಬಿಳಿ ಉಣ್ಣೆಯಂಥ ಎಡೆಲ್‌ವೈಸ್, ಬಂಡೆಯನ್ನು ಒಡೆಯುವುದೆಂಬ ಅರ್ಥದ ಹೆಸರುಳ್ಳ ಸ್ಯಾಕ್ಸಿಫ್ರೇಜ್ ಇವು ಪ್ರಸಿದ್ಧವಾದವು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ 1882ರಲ್ಲಿ ಇಂಥ ಗಿಡಗಳಿಗಾಗಿ ಕಲ್ಲುತೋಟವನ್ನು ಕಟ್ಟಿದರು. ರೆಜಿನಾಲ್ಡ್ ಫಾರರ್ ಎಂಬಾತನು 1907ರಲ್ಲಿ ತನ್ನ ಕಲ್ಲುತೋಟವನ್ನು ಕುರಿತು ಪುಸ್ತಕ ಬರೆದು, ಈ ಅಭಿರುಚಿಯನ್ನು ಜನಸಾಮಾನ್ಯರಲ್ಲಿ ಹರಡಿದನು. ಹೊಸ ಗಿಡಗಳನ್ನು ಹುಡುಕುತ್ತಾ ಪೂರ್ವದೇಶಗಳ ಪರ್ವತಗಳನ್ನು ಸುತ್ತಿ, ಆತನು 1920ರಲ್ಲಿ ಬರ್ಮಾದ ಉತ್ತರಭಾಗದಲ್ಲಿ ತೀರಿಕೊಂಡನು.

ಈ ಗಿಡಗಳ ಜೀವನಕ್ರಮವನ್ನು ವಿಚಾರಿಸಿದರೆ ಅವು ಇಲ್ಲಿಗೆ ಒಗ್ಗದ ಕಾರಣವು ತಿಳಿಯುವುದು. ವರ್ಷದಲ್ಲಿ ಹಲವು ತಿಂಗಳು ಅವು ಹಿಮದ ಹೊದಿಕೆಯ ಕೆಳಗೆ ನಿದ್ರಿಸುವುವು. ಹಿಮವು ಒಳಗಿನ ಗಿಡವನ್ನು ಕೊರೆಯುವ ಗಾಳಿಯಿಂದಲೂ ಹೆಪ್ಪುಗಟ್ಟಿಸುವ ಚಳಿಯಿಂದಲೂ ಕಾಪಾಡುವುದು. ಹಿಮ ಕರಗಿದೊಡನೆ ಎಚ್ಚತ್ತು, ಅಲ್ಪಕಾಲದ ಬೇಸಗೆಯಲ್ಲಿ ಹೂಬಿಟ್ಟು ಬೀಜ ಕಟ್ಟಿ, ಪುನಃ ನಿದ್ರೆಗೆ ಹೋಗುವುವು. ಅವುಗಳಲ್ಲಿ ಅನೇಕ ಜಾತಿಗಳ ಬೀಜವು ಕೆಲವು ವಾರಗಳ ಕಾಲ ತೇವದಿಂದ ಕೂಡಿದ ಚಳಿಯನ್ನು ಅನುಭವಿಸಿದ ಹೊರತು ಮೊಳೆಯುವುದೇ ಇಲ್ಲ.

ಚಿಕ್ಕಜಾಲವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳು ತಂಪಾದರೂ ಹೆಪ್ಪುಗಟ್ಟುವ ಚಳಿಯಿಲ್ಲ. ಚೈತ್ರ ವೈಶಾಖಗಳಲ್ಲಿ ಮಧ್ಯಾಹ್ನ ಬಂಡೆಯ ಮೇಲೆ ಬರಿಗಾಲಿಡಲಾಗದು. ಆಮೇಲೆ ಬೆಚ್ಚಗಿರುವ ಕಾಲದಲ್ಲಿಯೇ ಮಳೆಯೂ ಬೀಳುವುದು. ಬೆಚ್ಚನೆಯ ತೇವವು ಆಲ್ಪೈನ್ ಗಿಡದ ಬುಡವನ್ನು ಕೊಳೆಯಿಸುವುದು. ಬೆಚ್ಚನೆಯ ರಾತ್ರಿಯು ಅದಕ್ಕೆ ವಿಶ್ರಾಂತಿ ಕೊಡದು. 1,478 ಮೀಟರು ಎತ್ತರದ ನಂದಿಬೆಟ್ಟದ ಮೇಲೂ ಹಿಮದ ಹೊದಿಕೆಯುಂಟಾಗುವುದಿಲ್ಲವಷ್ಟೆ. ಹೀಗಿರುವಲ್ಲಿ ಬಯಲಿನ ಮಾತೇನು?

ದೇಶಾಂತರದ ಗಿಡಗಳೆಲ್ಲವೂ ಇಲ್ಲಿಗೆ ಬೇಡವೆಂದು ಇದರಿಂದ ತಿಳಿಯಬಾರದು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಜರ್ಮನ್ ದೇಶದ ಕ್ರುಂಬಿಗಲ್ ಅವರು ಹೊರದೇಶಗಳ ಅನೇಕ ಗಿಡಮರಗಳನ್ನು ಲಾಲ್‌ಬಾಗಿನಲ್ಲಿ ಬೆಳೆಸಿದರು. ಮಡಗಾಸ್ಕರಿನ ಗುಲ್‌ಮೊಹರ್ ಮರವೂ ದಕ್ಷಿಣ ಅಮೆರಿಕದ ಜಕರಾಂಡ ಮರವೂ ಬೆಂಗಳೂರಿನ ಬೀದಿಗಳಲ್ಲಿ ಸುಖವಾಗಿ ಬೆಳೆದಿವೆ. ಅವು ಬಂದ ದೇಶದ ಹವೆಗೂ ಇಲ್ಲಿನ ಹವೆಗೂ ಹೊಂದಿಕೆಯುಂಟು. ಗಿಡವು ಎಷ್ಟು ದೂರದಿಂದ ಬಂತೆಂಬುದಕ್ಕಿಂತ ಎಂಥ ಹವೆಯಿಂದ ಬಂತೆಂಬುದನ್ನು ಮೊದಲು ಕೇಳತಕ್ಕದ್ದು.

ಬಂಡೆಯೂ ಅದರ ಅಂಚೂ

ಈ ಸೀಮೆಯ ಬಂಡೆಯು ನೈಸ್ ಎಂಬ ಜಾತಿಯ ಬಹು ಪುರಾತನವಾದ ಶಿಲೆಯು. ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂಶಾಸ್ತ್ರಜ್ಞರು ಹೇಳುವರು. ಹೆದ್ದಾರಿಯ ಪಕ್ಕದಲ್ಲಿರುವ ಚಿಕ್ಕಜಾಲದ ಹಳೆಯ ಕೋಟೆಯ ಗೋಡೆಗೆ ಕಲ್ಲನ್ನು ಒದಗಿಸಿದ್ದು ಈ ಸೀಮೆಯ ಶಿಲೆಯೇ. ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗಿ, ಬಂಡೆಯ ಮೇಲ್ಭಾಗವು ಈರುಳ್ಳಿಯ ಸಿಪ್ಪೆಯಂತೆ ಹಲ್ಲೆಹಲ್ಲೆಯಾಗಿ ಏಳುವುದು. ಮಳೆನೀರು ಬಿರುಕಿನಲ್ಲಿ ಇಳಿದು ಶಿಲೆಯ ಒಂದು ಭಾಗವನ್ನು ಜೇಡಿಯಾಗಿ ಮಾಡುವುದು. ಬೆಣಚಿನ ಹರಳುಗಳು ಕರಗದೆ ಗರಸಾಗಿ ಉಳಿಯುವುವು. ಈ ಗರಸು ಬಂಡೆಯ ತಗ್ಗುಗಳಲ್ಲಿಯೂ ಅಂಚಿನಲ್ಲಿಯೂ ನಾಲ್ಕಾರು ಅಂಗುಲ ದಪ್ಪವಾಗಿ ಸೇರುವುದು. ಬಂಡೆಯ ಗಿಡಗಳಿಗೆ ಇದೇ ಹೊಲವು.

ಈ ಅಂಚಿನ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯ ಬೋಳುಬಂಡೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮೇಲ್ಪಟ್ಟ ನೀರು. ಬಂಡೆಯು ನೀರನ್ನು ಕುಡಿಯುವುದಿಲ್ಲವಾದ್ದರಿಂದ ಅದರ ಹೆಚ್ಚಿನ ಭಾಗವು ಕೆಳಗಿನ ಹೊಲದ ಮೇಲೆ ಒಮ್ಮೆಗೇ ಇಳಿಯುವುದು. ಅಂಚಿನಲ್ಲಿ ಹುಲ್ಲೂ ಗಿಡವೂ ಗರಸೂ ಇದ್ದರೆ ನೀರಿನ ವೇಗವು ಮುರಿದು, ಒಂದು ಭಾಗ ನೆಲಕ್ಕೆ ಇಂಗಿ, ಮಿಕ್ಕದ್ದು ತಿಳಿಯಾಗಿ ಹರಿಯುವುದು. ಅಂಚು ಬೋಳಾಗಿದ್ದರೆ ಹಸ್ತ, ಚಿತ್ತೆ ಮಳೆಗಳ ಎರಡು ರಭಸಕ್ಕೆ ಹೊಲದಲ್ಲಿ ಕೊರಕಲು ಬೀಳುವುದು. ಗೊಬ್ಬರ ಹಾಕಿ ಹದಮಾಡಿದ ಮೇಲ್ಮಣ್ಣು ಕೊಚ್ಚಿಹೋಗಿ ಕೆರೆಯ ಹೂಳಾಗುವುದು. ರಾಗಿಯ ಪೈರು ಬಂಡೆಯ ಕೆಳಗಿನ ಭಾಗದಲ್ಲಿ ಏಕೆ ಬಡಕಲಾಯಿತೆಂದು ಕೇಳುವ ರೈತನು, ಬೀಜವನ್ನು ಹಳಿಯುವುದಕ್ಕೆ ಮುಂಚೆ ಬಂಡೆಯ ಅಂಚಿಗೆ ಹೋಗಿ ನೋಡತಕ್ಕದ್ದು.

ವಿಷ್ಣುಕ್ರಾಂತಿಯ ಗುರುತು

ಇಂಥ ಗರಸಿನ ನೆಲದಲ್ಲಿ ತಾನಾಗಿಯೇ ಬೆಳೆಯುವ ಗಿಡಗಳಲ್ಲಿ ವಿಷ್ಣುಕ್ರಾಂತಿಯು ಒಂದು. ಇದರ ಶಾಸ್ತ್ರೀಯ ನಾಮವು ಇವಾಲ್ವುಲಸ್ ಆಲ್ಸಿನಾಯ್ಡಿಸ್ ಎಂದು. ಗೆಣಸಿನ ಬಳ್ಳಿಯ ಕುಟುಂಬಕ್ಕೆ ಸೇರಿದ್ದರೂ ಇದು ಯಾವುದಕ್ಕೂ ಸುತ್ತಿಕೊಂಡು ಹಬ್ಬುವುದಿಲ್ಲ. ಸುತ್ತು ಬಿಚ್ಚಿಕೊಂಡದ್ದೆಂಬ ಭಾವದ ಲ್ಯಾಟಿನ್ ಮಾತಿನಿಂದಲೇ ಇದಕ್ಕೆ ಹೆಸರಾಗಿದೆ. ಗಟ್ಟಿಯಾದ ಬುಡದಿಂದ ದಾರದಂಥ ಕಡ್ಡಿಗಳು ನಾಲ್ಕು ಕಡೆಗೂ ನೆಲದ ಮೇಲೆ ಹರಡುವುವು. ಎಲೆಗಳು ಚಿಕ್ಕವು, ಕಡ್ಡಿಗೂ ಎಲೆಗೂ ರೇಷ್ಮೆಯಂಥ ರೋಮಗಳುಂಟು. ಹೂವು ಅರ್ಧ ಅಂಗುಲಕ್ಕಿಂತ ಚಿಕ್ಕದು, ದುಂಡಗಿನದು, ಆಕಾಶದ ಬಣ್ಣದ್ದು. ಒಂದೊಂದು ಗಿಡದಲ್ಲಿ ಬಿಳುಪಾಗಿರುವುದೂ ಉಂಟು. ಬೆಳಗ್ಗೆ ಅರಳಿ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುವುದರಿಂದ, ಮಧ್ಯಾಹ್ನ ಆ ದಾರಿಯಲ್ಲಿ ಹೋಗುವವನಿಗೆ ಅಲ್ಲಿ ಹೂವಿತ್ತೆಂಬುದೇ ತಿಳಿಯದು. ಮಳೆಗಾಲದಿಂದ ಚಳಿಗಾಲದವರೆಗೆ ದಿನವೂ ಹೊಸ ಹೂಗಳು ಬರುತ್ತಿರುವುವು.

ಆಲ್ಪೈನ್ ಗಿಡದಲ್ಲಿ ಜನರು ಮೆಚ್ಚುವ ಗುಣಗಳು ಇದರಲ್ಲಿಯೂ ಇವೆ. ನೆಲಕ್ಕೆ ಅಂಟಿಕೊಂಡ ಬೆಳವಣಿಗೆಯು ಗಾಳಿಯ ಹೊಡೆತವನ್ನು ತಪ್ಪಿಸುವುದು. ರೋಮಗಳು ಬಿಸಿಲಿನ ಒಂದು ಭಾಗವನ್ನು ಹಿಂದಿರುಗಿಸಿ, ಎಲೆಯ ಮೇಲೆ ನಿಶ್ಚಲವಾದ ಗಾಳಿಯನ್ನು ಹಿಡಿದು, ತೇವವು ಆರಿಹೋಗದಂತೆ ತಡೆಯುವುವು. ಬೇರು ಬಿರುಕಿನಲ್ಲಿ ಆಳಕ್ಕೆ ಇಳಿಯುವುದು. ಆಲ್ಪೈನ್ ಗಿಡವು ಹಿಮದ ಕಾಲದಲ್ಲಿ ನಿದ್ರಿಸುವಂತೆ ಇದು ಬೇಸಗೆಯ ಒಣಕಾಲದಲ್ಲಿ ಮೇಲ್ಭಾಗವನ್ನು ಒಣಗಿಸಿಕೊಂಡು ಬುಡದಲ್ಲಿ ಜೀವವನ್ನಿಟ್ಟುಕೊಳ್ಳುವುದು. ಒಂದು ಚಳಿಯನ್ನೂ ಇನ್ನೊಂದು ಬಿಸಿಲನ್ನೂ ಗೆಲ್ಲಲು ಬಂಡೆಯ ಬಳಿ ಕಲಿತ ವಿದ್ಯೆಯು ಬಹುಮಟ್ಟಿಗೆ ಒಂದೇ.

ಹೆಸರಿನ ವಿಷಯದಲ್ಲಿ ಎಚ್ಚರವಿರಬೇಕು. ಬೇಲಿಯ ಮೇಲೆ ಹಬ್ಬುವ ದೊಡ್ಡ ನೀಲಿ ಹೂವಿನ ಶಂಖಪುಷ್ಪದ ಬಳ್ಳಿಯನ್ನು ಕೆಲವರು ವಿಷ್ಣುಕ್ರಾಂತಿಯೆನ್ನುವರು. ಅದು ಅವರೆ, ಹೆಸರುಗಳ ಕುಟುಂಬದ್ದು. ನರ್ಸರಿಗಳಲ್ಲಿ ಕುಂಡದಲ್ಲಿಟ್ಟು ಮಾರುವ, ಹೂವು ಸ್ವಲ್ಪ ದೊಡ್ಡದಾದ ಗಿಡವು ಬ್ರೆಜಿಲ್ ದೇಶದಿಂದ ಬಂದ ಹತ್ತಿರದ ನೆಂಟನು. ಅದು ಕಡ್ಡಿಯಿಂದ ಬೆಳೆಯುವುದು, ತೋಟಕ್ಕೆ ಚೆಲುವಾದದ್ದೇ. ಆದರೆ ಪೂಜೆಗೂ ಔಷಧಕ್ಕೂ ಹೇಳಿರುವ ಗಿಡವು ಅದಲ್ಲ. ಹೀಗೆ ಹೆಸರು ಕಲಸಿಕೊಂಡಿರುವುದರಿಂದ ವೈದ್ಯರಿಗೆ ತೋರಿಸದೆ ಯಾವುದನ್ನೂ ಔಷಧವಾಗಿ ಸೇವಿಸಬಾರದು.

ಬೀಜವೂ ಬಿತ್ತನೆಯೂ

ಹೂವು ಉದುರಿದ ಮೇಲೆ ಮೆಣಸುಕಾಳಿಗಿಂತ ಚಿಕ್ಕದಾದ ದುಂಡು ಕಾಯಿ ಕಟ್ಟುವುದು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಗಳಿರುವುವು. ಕಾಯಿ ಕಂದುಬಣ್ಣಕ್ಕೆ ತಿರುಗಿ ಒಡೆಯುವುದಕ್ಕೆ ಮುಂಚೆ, ಮಾರ್ಗಶಿರ ಪುಷ್ಯಗಳಲ್ಲಿ, ಗಿಡದ ಕೆಳಗೆ ಬಟ್ಟೆ ಹಾಸಿ ಕೈಯಿಂದ ಸವರಿ ಬೀಜವನ್ನು ಕೂಡಿಸಬೇಕು. ಒಂದು ಗಿಡದ ಬೀಜದಲ್ಲಿ ಅರ್ಧವನ್ನಾದರೂ ಅಲ್ಲಿಯೇ ಬಿಟ್ಟುಬಿಡುವುದು ನ್ಯಾಯವು. ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ತೇವ ತಗುಲದ ಕಡೆ ಇಡತಕ್ಕದ್ದು.

ಈ ಕುಟುಂಬದ ಬೀಜಗಳಿಗೆ ನೀರು ಇಳಿಯದ ಗಟ್ಟಿ ಸಿಪ್ಪೆಯಿರುವುದರಿಂದ, ಹಾಗೆಯೇ ಬಿತ್ತಿದರೆ ಬಹುಭಾಗವು ಮೊಳೆಯದೆ ಕುಳಿತಿರುವುದು. ಬಿತ್ತುವ ಹಿಂದಿನ ದಿವಸ ಬೀಜವನ್ನು ದಪ್ಪ ಮರಳಿನೊಡನೆ ಒರಟಾದ ಬಟ್ಟೆಯಲ್ಲಿ ಕಟ್ಟಿ ಹಗುರವಾಗಿ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಸಬೇಕು. ನೆನೆದು ಉಬ್ಬಿದ ಬೀಜವನ್ನು ಬಿತ್ತಿ, ಉಬ್ಬದೆ ಉಳಿದದ್ದನ್ನು ಪುನಃ ಉಜ್ಜಬೇಕು.

ರೋಹಿಣಿ ಅಥವಾ ಮೃಗಶಿರಾ ಮಳೆಯಲ್ಲಿ, ನೆಲವು ನೆನೆದು ಆರುತ್ತಿರುವಾಗ ಬಿತ್ತುವುದು ಉತ್ತಮವು. ಎರಡು ಪಾಲು ಗರಸು ಅಥವಾ ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಹಿಡಿ ಚೆನ್ನಾಗಿ ಕೊಳೆತ ಎಲೆಗೊಬ್ಬರ, ಇಷ್ಟು ಸಾಕು. ಹಸಿಗೊಬ್ಬರವನ್ನು ಹಾಕಿದರೆ ಗಿಡವು ಸೊಪ್ಪು ಬೆಳೆದು ಮೆತ್ತಗಾಗಿ ಮಳೆಗೆ ಕೊಳೆಯುವುದು. ಬೀಜವನ್ನು ಕಾಲಂಗುಲಕ್ಕಿಂತ ಆಳಕ್ಕೆ ಹಾಕಕೂಡದು. ನೀಳವಾದ ಬೇರುಳ್ಳ ಗಿಡವಾದ್ದರಿಂದ ಇರತಕ್ಕ ಸ್ಥಳದಲ್ಲಿಯೇ ಬಿತ್ತಿ, ಆರು ಅಂಗುಲಕ್ಕೊಂದರಂತೆ ಉಳಿಸಿಕೊಳ್ಳುವುದು ಮೇಲು. ಕೀಳಬೇಕಾದರೆ ಎರಡು ಮೂರು ಎಲೆಯ ಕಾಲದಲ್ಲಿ ಮಣ್ಣಿನ ಹೆಂಟೆಯೊಡನೆ ಎತ್ತಬೇಕು. ಮಳೆ ತಡೆದರೆ ಮೊದಲ ಮೂರು ನಾಲ್ಕು ವಾರ ನೀರು ಚಿಮುಕಿಸಬೇಕು. ಬೇರೂರಿದ ಮೇಲೆ ನೀರಿನ ಅಗತ್ಯವು ಬಹು ಕಡಮೆ. ಬೇಸಗೆಯಲ್ಲಿ ಮೇಲ್ಭಾಗ ಒಣಗಿತೆಂದು ಗಿಡವನ್ನು ಕಿತ್ತುಬಿಡಬಾರದು; ಮೊದಲ ಮಳೆಗೆ ಬುಡದಿಂದ ಚಿಗುರುವುದು.

ಕಲ್ಲುತೋಟವನ್ನು ಕಟ್ಟುವ ಕ್ರಮ

ಹೊಲದಲ್ಲಿ ಬಂಡೆಯುಳ್ಳವನಿಗೆ ಕಲ್ಲುತೋಟವು ಅರ್ಧ ಸಿದ್ಧವಾಗಿಯೇ ಇದೆ. ಬಂಡೆಯ ಇಳಿಜಾರಿನ ಬದಿಯಲ್ಲಿ, ಕೂಡಿದರೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ, ನೀರು ಇಳಿಯುವ ದಾರಿಯನ್ನು ಒಂದು ಮಳೆಯಲ್ಲಿ ನಿಂತು ನೋಡಿ ಗುರುತು ಮಾಡಬೇಕು. ಆ ದಾರಿಗೆ ಅಡ್ಡವಾಗಿ, ಹೊಲದಲ್ಲಿ ಆರಿಸಿ ಹಾಕಿದ ಕಲ್ಲುಗಳಿಂದಲೇ, ಮೊಳದ ಎತ್ತರಕ್ಕೆ ಮೀರದ ಸಾಲುಗಳನ್ನು ಒಂದರ ಕೆಳಗೊಂದು ಕಟ್ಟಬೇಕು. ಒಂದೊಂದು ಕಲ್ಲಿನ ಮೂರರಲ್ಲೊಂದು ಪಾಲಾದರೂ ಮಣ್ಣಿನಲ್ಲಿ ಹೂತಿರಬೇಕು. ಕಲ್ಲಿನ ಮೇಲ್ಮುಖವು ಇಳಿಜಾರಿನ ಒಳಭಾಗಕ್ಕೆ ಸ್ವಲ್ಪ ಬಾಗಿರಬೇಕು. ಹೊರಕ್ಕೆ ಬಾಗಿದರೆ ಮಳೆನೀರು ಬೇರಿಗೆ ದೊರೆಯದೆ ಜಾರಿಹೋಗುವುದು. ಸಿಮೆಂಟು ಹಾಕಬಾರದು. ಸಂದುಗಳಿದ್ದರೆ ನೀರು ನಿಧಾನವಾಗಿ ಸೋರುವುದು. ಸಂದು ಮುಚ್ಚಿದರೆ ಹಿಂದೆ ನಿಂತ ನೀರು ಗಿಡವನ್ನೂ ಕೊಲ್ಲುವುದು, ಗೋಡೆಯನ್ನೂ ಉರುಳಿಸುವುದು.

ಸಾಲುಗಳ ಹಿಂದೆ ಮೊದಲು ಗೇಣುದ್ದ ಒಡಕುಕಲ್ಲು, ಅದರ ಮೇಲೆ ಮೇಲ್ಕಂಡ ಮಿಶ್ರಣ, ಅದರ ಮೇಲೆ ಒಂದು ಅಂಗುಲ ಗರಸು ಹರಡಬೇಕು. ಮೇಲಿನ ಗರಸು ಗಿಡದ ಬುಡವನ್ನು ಒಣಗಿಟ್ಟು ಬೇರನ್ನು ತಂಪಾಗಿಡುವುದು. ಮಳೆಹನಿಯ ಪೆಟ್ಟಿಗೆ ಮಣ್ಣು ಚಿಮ್ಮುವುದಿಲ್ಲ. ಯೂರೋಪಿನ ತೋಟಗಾರರೂ ಆಲ್ಪೈನ್ ಗಿಡಗಳಿಗೆ ಹೀಗೆಯೇ ಮಾಡುವರು.

ಮುಂದಿನ ಸಾಲುಗಳಲ್ಲಿ ವಿಷ್ಣುಕ್ರಾಂತಿಯನ್ನೂ, ನಡುವೆ ಲೋಳೆಸರ ಮಂಗರವಳ್ಳಿಗಳನ್ನೂ, ಹಿಂದೆ ಹಳದಿ ಹೂವಿನ ತಂಗಡಿಯನ್ನೂ ಬೆಳೆಸಿದರೆ ನೋಡುವುದಕ್ಕೆ ಅಂದವಾಗಿರುವುದು, ನೀರಿನ ವೇಗಕ್ಕೂ ಮೂರು ಹಂತದ ತಡೆಯಾಗುವುದು. ಗೌರಿಹೂವಿನ ಗೆಡ್ಡೆಯನ್ನು ಬಿರುಕಿನಲ್ಲಿಡುವ ಆಸೆ ಕೆಲವರಿಗುಂಟು. ಹೂವು ಬೆಂಕಿಯ ನಾಲಗೆಯಂತೆ ಮನೋಹರವಾದರೂ ಗೆಡ್ಡೆಯೂ ಬೀಜವೂ ಪ್ರಾಣಕ್ಕೆ ಅಪಾಯವಾದ ವಿಷವು. ಮಕ್ಕಳೂ ದನಕರುಗಳೂ ತಿರುಗಾಡುವ ಕಡೆ ಅದನ್ನು ನೆಡಕೂಡದು.

ವಿಷ್ಣುಕ್ರಾಂತಿಯ ದೊಡ್ಡ ಶತ್ರುವು ನೆರಳು. ಲಂಟಾನವೂ ಕಾಂಗ್ರೆಸ್ ಗಿಡವೂ ಅಂಚಿಗೆ ನುಗ್ಗಿದರೆ ನೆಲದ ಮೇಲೆ ಮಲಗಿ ಬೆಳೆಯುವ ಈ ಗಿಡವು ಬೆಳಕಿಲ್ಲದೆ ಸಾಯುವುದು. ಕಾಂಗ್ರೆಸ್ ಗಿಡವನ್ನು ಹೂಬಿಡುವುದಕ್ಕೆ ಮುಂಚೆ, ಕೈಗೆ ಚೀಲ ಹಾಕಿಕೊಂಡು, ಬೇರುಸಹಿತ ಕೀಳಬೇಕು. ಬೇಸಗೆಯಲ್ಲಿ ಅಂಚಿನ ಹುಲ್ಲಿಗೆ ಬೆಂಕಿಯಿಡುವ ವಾಡಿಕೆಯನ್ನು ನಿಲ್ಲಿಸಬೇಕು.

ಕೀಳುವ ರೀತಿ

ಗಣೇಶನ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ವಿಷ್ಣುಕ್ರಾಂತವೂ ಒಂದಷ್ಟೆ. ಭಾದ್ರಪದ ಮಾಸದ ಹಬ್ಬಕ್ಕಾಗಿ ಗಿಡವನ್ನು ಬುಡಸಹಿತ ಕಿತ್ತು ಕಟ್ಟು ಕಟ್ಟುವುದುಂಟು. ಆ ಕಾಲದಲ್ಲಿ ಗಿಡದಲ್ಲಿ ಹೂವಿರುವುದು, ಬೀಜ ಬಲಿತಿರುವುದಿಲ್ಲ. ಬುಡವೂ ಹೋಗಿ ಬೀಜವೂ ಹೋದರೆ ಮುಂದಿನ ವರ್ಷಕ್ಕೆ ಉಳಿಯುವುದೇನು? ಪೂಜೆಗೆ ಬೇಕಾದದ್ದು ಪತ್ರೆಯೇ ಹೊರತು ಬೇರಲ್ಲ. ಕುಡುಗೋಲಿನಿಂದಾಗಲಿ ಉಗುರಿನಿಂದಾಗಲಿ ತುದಿಯ ನಾಲ್ಕು ಅಂಗುಲವನ್ನು ಕತ್ತರಿಸಿದರೆ ಹದಿನೈದು ಇಪ್ಪತ್ತು ದಿವಸಗಳಲ್ಲಿ ಪುನಃ ಚಿಗುರು ಕಾಣುವುದು; ಒಂದೇ ಗಿಡವು ಅನೇಕ ವರ್ಷ ಹಬ್ಬಕ್ಕೆ ಒದಗುವುದು. ಬೆಂಗಳೂರಿನ ಮಾರುಕಟ್ಟೆಗೆ ಪತ್ರೆ ಒಯ್ಯುವವರು ತಮ್ಮ ಬಂಡೆಯಂಚಿನಲ್ಲಿಯೇ ಇದನ್ನು ಬೆಳೆಸಿಕೊಂಡರೆ ಅಲೆದಾಟವೂ ತಪ್ಪುವುದು.

ಬೇರಿಗಾಗಿ ಕೀಳುವುದರಿಂದ ಏನಾಗುವುದೆಂಬುದಕ್ಕೆ ಮಾಕಳಿಬೇರು ಸಾಕ್ಷಿಯು. ಇದು ಬಂಡೆಯ ಸಂದಿನಲ್ಲಿ ಬೆಳೆಯುವ ಬಳ್ಳಿ. ಇದರ ಪರಿಮಳವುಳ್ಳ ಬೇರಿನ ಉಪ್ಪಿನಕಾಯಿ ಎಲ್ಲರಿಗೂ ಪ್ರಿಯವಾದದ್ದು. ನೆಟ್ಟು ಬೆಳೆಸುವವರು ಕಡಮೆಯಾಗಿ, ಕಾಡುಬಂಡೆಗಳಿಂದ ಅಗೆದು ತರುವವರೇ ಹೆಚ್ಚಾದ್ದರಿಂದ ಆ ಬಳ್ಳಿಯು ಅನೇಕ ಕಡೆಗಳಲ್ಲಿ ಅಪರೂಪವಾಗಿದೆ.

ಗ್ರಾಮದ ಮುಖ್ಯಸ್ಥರು ಮಾಡತಕ್ಕದ್ದು

ಕಲ್ಲಿನ ಮೇಲಿನ ಹೂವಿನಿಂದ ಹೊಟ್ಟೆ ತುಂಬುವುದೇ ಎಂದು ಕೇಳುವುದು ಸಹಜವು. ಹೂವಿನಿಂದ ತುಂಬದು, ಆದರೆ ಹೂವು ಅರಳುವ ಅಂಚು ಇದ್ದರೆ ಕೆಳಗಿನ ಹೊಲದ ಮಣ್ಣು ನಿಲ್ಲುವುದು, ಕೆರೆಗೆ ಹೂಳು ಕಡಮೆಯಾಗುವುದು, ಜೇನಿಗೂ ಚಿಟ್ಟೆಗೂ ಮೇವಾಗುವುದು. ಬಂಡೆಯನ್ನು ಒಡೆದು ಮಾರಿದ ಹಣವು ಒಂದು ಸಲ ಬರುವುದು. ಒಡೆದ ಮೇಲೆ ಉಳಿಯುವ ಹೊಂಡದಲ್ಲಿ ಬೆಳೆಯೂ ಇಲ್ಲ, ಮೇವೂ ಇಲ್ಲ. ಮಕ್ಕಳೂ ದನಗಳೂ ಬೀಳುವ ಭಯವು ಮಾತ್ರ ಸದಾ ಉಂಟು.

ಆದಕಾರಣ ಮುಖ್ಯಸ್ಥರು ಗ್ರಾಮದ ಗೋಮಾಳದಲ್ಲಿರುವ ಬಂಡೆಗಳ ಪಟ್ಟಿಯನ್ನು ಮಾಡಿ, ಯಾವುದರ ನೀರು ಯಾವ ಹೊಲಕ್ಕೆ, ಯಾವ ಕೆರೆಗೆ ಇಳಿಯುವುದೆಂಬುದನ್ನು ಬರೆದಿಡಬೇಕು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅಪ್ಪಣೆಯಿಲ್ಲದೆ ಕಲ್ಲು ಒಡೆಯುವುದು ಕಂಡರೆ ಕೂಡಲೇ ತಹಸೀಲ್ದಾರರಿಗೆ ತಿಳಿಸಬೇಕು. ಗೋಮಾಳದ ಒಂದು ಬಂಡೆಯ ಅಂಚನ್ನಾದರೂ ಆರಿಸಿ, ಮಳೆಗಾಲದ ಮೊದಲ ಎರಡು ತಿಂಗಳು ದನ ನುಗ್ಗದಂತೆ ಕಳ್ಳಿಬೇಲಿ ಹಾಕಿಸಿ, ಶಾಲೆಯ ಮಕ್ಕಳಿಂದ ಬೀಜ ಬಿತ್ತಿಸಬೇಕು. ಮಕ್ಕಳು ಗುರುತಿಸಲು ಕಲಿತ ಗಿಡವನ್ನು ಊರು ಬೇಗನೆ ಕಳೆದುಕೊಳ್ಳದು.

ಹಿಡುವಳಿದಾರರು ಪುಷ್ಯಮಾಸದೊಳಗೆ ಬೀಜವನ್ನು ಕೂಡಿಸಿಟ್ಟು, ಬೇಸಗೆಯಲ್ಲಿ ಬಿಡುವಾಗಿರುವಾಗ ಕಲ್ಲಿನ ಸಾಲುಗಳನ್ನು ಕಟ್ಟಿ, ರೋಹಿಣಿ ಮಳೆಯನ್ನು ಕಾದಿರತಕ್ಕದ್ದು. ಇದಕ್ಕೆ ಬೇಕಾದ ಕಲ್ಲು ಹೊಲದಲ್ಲಿದೆ, ಗರಸು ಬಂಡೆಯಲ್ಲಿದೆ, ಬೀಜವು ಅಂಚಿನಲ್ಲಿದೆ. ಖರ್ಚೆಂದರೆ ಮನೆಯ ಇಬ್ಬರ ಎಂಟು ಹತ್ತು ದಿವಸಗಳ ಕೆಲಸವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಈ ಗಿಡದ ವಿಷಯದಲ್ಲಿ ನಿಜವಾಗದಂತೆ ನೋಡಿಕೊಳ್ಳುವುದು ಈ ಹೋಬಳಿಯ ರೈತರ ಕೈಯಲ್ಲಿದೆ.